ಇಎಸ್‌ಎಕ್ಸ್‌ಐ ಹೋಸ್ಟ್ ಪ್ಯಾಚ್: ಹಸಿರು ಟಿಕ್‌ಗಿಂತ ಮೊದಲು ಬಿಲ್ಡ್ ನಂಬರ್ ನೋಡಿ

ಕಲಬುರಗಿಯಲ್ಲಿ ನಾನು ನೋಡಿಕೊಳ್ಳುವ ಇಎಸ್‌ಎಕ್ಸ್‌ಐ ಹೋಸ್ಟ್‌ಗಳ (ಹಲವು ವರ್ಚುವಲ್ ಮಷೀನ್, ಅಂದರೆ ವಿಎಂ, ನಡೆಸುವ ವಿಎಂವೇರ್ ಸರ್ವರ್‌ಗಳ) ಪ್ಯಾಚ್ ಕೆಲಸ ಶುರುವಾಗುವುದೇ ಬಿಲ್ಡ್ ನಂಬರಿನಿಂದ, ಅಂದರೆ ಯಾವ ಆವೃತ್ತಿ ಹಾಕಿದೆ ಎಂದು ಹೇಳುವ ಸಂಖ್ಯೆಯಿಂದ. ಲೈಫ್‌ಸೈಕಲ್ ಮ್ಯಾನೇಜರ್ (ಹೋಸ್ಟ್‌ಗಳನ್ನೆಲ್ಲ ಒಂದೆಡೆಯಿಂದ ನೋಡಿಕೊಳ್ಳುವ ವಿಸೆಂಟರ್‌ನ ಪ್ಯಾಚ್ ವಿಭಾಗ) ‘ಕಂಪ್ಲಯಂಟ್’ ಎಂದು ಹಸಿರು ಟಿಕ್ ಕೊಟ್ಟರೆ, ವಿಸೆಂಟರ್ ಹತ್ತಿರ ಇರುವ ಪಟ್ಟಿಗೆ ಹೋಸ್ಟ್ ಹೊಂದುತ್ತದೆ ಎಂದಷ್ಟೇ ಅರ್ಥ. ಪಟ್ಟಿಯೇ ಹಳೆಯದಾದರೆ? 2025ರ ಏಪ್ರಿಲ್‌ನಲ್ಲಿ ಹಳೆಯ ಡೌನ್‌ಲೋಡ್ ವಿಳಾಸಗಳು ನಿಂತು, ವಿಎಂವೇರ್‌ನ ಮಾಲೀಕ ಕಂಪನಿ ಬ್ರಾಡ್‌ಕಾಮ್ ಕೊಡುವ ಟೋಕನ್ ಸೇರಿದ ಹೊಸ ವಿಳಾಸ ಬೇಕಾಯಿತು. ಅದನ್ನು ಬದಲಿಸದ ವಿಸೆಂಟರ್‌ಗೆ ಹೊಸ ಪ್ಯಾಚ್ ಬರುವುದಿಲ್ಲ, ಟಿಕ್ ಮಾತ್ರ ಹಸಿರಾಗಿಯೇ ಇರುತ್ತದೆ. ಆಡಿಟ್‌ನವರು ಅದೇ ಸ್ಕ್ರೀನ್‌ಶಾಟ್ ನೋಡಿ ಒಪ್ಪಿಬಿಡುತ್ತಾರೆ, ಅದು ಬೇರೆ ಮಾತು.

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಹೋಸ್ಟಿಗೆ ಕಮಾಂಡ್ ಕೊಡುವ ದಾರಿ) ‘ವಿಎಂವೇರ್ -ವಿಎಲ್’ ಕೊಟ್ಟರೆ ಬಿಲ್ಡ್ ಸಿಗುತ್ತದೆ. ವಿಎಂ ಒಳಗಿಂದ ಹೋಸ್ಟಿಗೆ ದಾಟಬಹುದಾಗಿದ್ದ ಲೋಪಗಳಿಗೆ 2025ರ ಮಾರ್ಚ್ 4ರಂದು ಪ್ಯಾಚ್ ಬಂತು: 8.0 ಅಪ್‌ಡೇಟ್ 3ರಲ್ಲಿ 24585383, 7.0 ಅಪ್‌ಡೇಟ್ 3ರಲ್ಲಿ 24585291. ಅದಕ್ಕಿಂತ ಕಡಿಮೆ ಇದ್ದರೆ ಟಿಕ್ ಏನೇ ಹೇಳಲಿ, ಕೆಲಸ ಬಾಕಿ ಇದೆ. ಲೈನ್ ನಿಧಾನ ಇರುವ ಕಡೆ ಡಿಪೋ ಜಿಪ್ (ಪ್ಯಾಚ್ ಫೈಲ್‌ಗಳ ಕಟ್ಟು) ಬೇರೆಡೆ ಇಳಿಸಿಕೊಂಡು ‘ಇಂಪೋರ್ಟ್ ಅಪ್‌ಡೇಟ್ಸ್’ ಮೂಲಕ ಹಾಕುತ್ತೇನೆ.

‘ಇನ್‌ಕಂಪ್ಯಾಟಿಬಲ್’ ಬಂದರೆ ಹೆಚ್ಚಾಗಿ ಸರ್ವರ್ ಕಂಪನಿಯ ಹಳೆಯ ವಿಬ್ (ಡ್ರೈವರ್ ಮುಂತಾದ ಸಾಫ್ಟ್‌ವೇರ್ ಪ್ಯಾಕೇಜ್) ಅಡ್ಡ ಬಂದಿರುತ್ತದೆ. ಯಾವುದು ಎಂಬುದು ಇಎಸ್‌ಎಕ್ಸ್‌ಅಪ್‌ಡೇಟ್ ಲಾಗ್‌ನಲ್ಲಿ ಇರುತ್ತದೆ. ತೆಗೆಯುವ ಮೊದಲು ನೆಟ್‌ವರ್ಕ್ ಕಾರ್ಡ್, ಸ್ಟೋರೇಜ್ ಅಡಾಪ್ಟರ್ ಯಾವ ಡ್ರೈವರ್ ಮೇಲೆ ನಡೆಯುತ್ತಿವೆ ನೋಡಿ, ‘ಡ್ರೈ-ರನ್’ (ಏನನ್ನೂ ಬದಲಿಸದ ಪರೀಕ್ಷೆ) ಹಾಕಿ. ನಡೆಯುತ್ತಿರುವ ಡ್ರೈವರನ್ನೇ ತೆಗೆದರೆ ರೀಬೂಟ್ ಆದ ಮೇಲೆ ಡೇಟಾಸ್ಟೋರೇ (ವಿಎಂ ಫೈಲ್‌ಗಳಿರುವ ಜಾಗ) ಕಾಣದಿರಬಹುದು. ಪ್ಯಾಚ್ ಹಾಕುವ ಕಮಾಂಡ್‌ನಲ್ಲಿ ‘ಪ್ರೊಫೈಲ್ ಅಪ್‌ಡೇಟ್’ ಕೊಡಿ. ‘ಪ್ರೊಫೈಲ್ ಇನ್‌ಸ್ಟಾಲ್’ ಕೊಟ್ಟರೆ ಕಂಪನಿಯ ಡ್ರೈವರ್‌ಗಳು ಹಾರಿಹೋಗಬಹುದು. ಜಾಗ ಸಾಲದು ಎಂದರೆ ‘ವಿಡಿಎಫ್ -ಎಚ್’ನಲ್ಲಿ ತಾತ್ಕಾಲಿಕ ಫೈಲ್‌ಗಳ ಟೆಂಪ್ ಜಾಗ ನೋಡಿ, ಜಿಪ್ ಡೇಟಾಸ್ಟೋರಿನಲ್ಲಿಟ್ಟು ‘ನೋ-ಟೂಲ್ಸ್’ ಪ್ರೊಫೈಲ್ (ವಿಎಂವೇರ್ ಟೂಲ್ಸ್ ಇಲ್ಲದ ಚಿಕ್ಕ ಇಮೇಜ್) ಬಳಸಿ.

ಮೇಂಟೆನೆನ್ಸ್ ಮೋಡ್ (ಪ್ಯಾಚ್‌ಗೆ ಮೊದಲು ವಿಎಂಗಳನ್ನು ಸರಿಸಿ ಹೋಸ್ಟ್ ಖಾಲಿ ಮಾಡುವುದು) ಮುಂದೆ ಹೋಗದಿದ್ದರೆ ಹೆಚ್ಚಾಗಿ ಲೋಕಲ್ ಡಿಸ್ಕಿನ ವಿಎಂ ಅಥವಾ ಲೋಕಲ್ ಡೇಟಾಸ್ಟೋರಿನ ಐಎಸ್‌ಒ (ಸಿಡಿ ಇಮೇಜ್ ಫೈಲ್) ಹಿಡಿದುಕೊಂಡಿರುತ್ತದೆ. ಎರಡೇ ಹೋಸ್ಟ್ ಇದ್ದಲ್ಲಿ ಎಚ್‌ಎ ಅಡ್ಮಿಷನ್ ಕಂಟ್ರೋಲ್ (ಒಂದು ಹೋಸ್ಟ್ ಬಿದ್ದರೆ ಅದರ ವಿಎಂಗಳಿಗೆಂದು ಜಾಗ ಕಾಯ್ದಿಡುವ ವ್ಯವಸ್ಥೆ) ತಾತ್ಕಾಲಿಕವಾಗಿ ಆಫ್ ಮಾಡಿ. ಮುಗಿದ ಮೇಲೆ ಆನ್ ಮಾಡುವುದು ಮರೆಯುವವರೇ ಹೆಚ್ಚು.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ನಂಬುವಂತಿಲ್ಲ. ಪ್ಯಾಚ್ ಬರೆಯುವುದು ಆಲ್ಟ್‌ಬೂಟ್‌ಬ್ಯಾಂಕ್ (ಬಳಕೆಯಲ್ಲಿಲ್ಲದ ಎರಡನೇ ಬೂಟ್ ಭಾಗ) ಮೇಲೆ, ಹಾಗಾಗಿ ನಡುವೆ ಯುಪಿಎಸ್ ಕೈಕೊಟ್ಟರೂ ಹಳೆಯ ಇಮೇಜ್ ಉಳಿದಿರುತ್ತದೆ. ಹೊಸದು ಸರಿ ಬರದಿದ್ದರೆ ಬೂಟ್ ಆಗುವಾಗ ಶಿಫ್ಟ್ ಮತ್ತು ಆರ್ ಒತ್ತಿ ಹಿಂದಕ್ಕೆ ಹೋಗಬಹುದು. ಆದರೂ ಕಾನ್ಫಿಗ್ ಬ್ಯಾಕಪ್ ತೆಗೆದು ಲ್ಯಾಪ್‌ಟಾಪ್‌ನಲ್ಲಿಡಿ, ಜೊತೆಗೆ ಬಿಲ್ಡ್ ನಂಬರ್ ಬರೆದಿಡಿ: ಮರಳಿ ಹಾಕುವಾಗ ಅದೇ ಬಿಲ್ಡ್ ಬೇಕು.