ಹೆದರಿದ ಮನೆಯವರಿಗೆ ಅರ್ಥವಾಗುವ ವರದಿ: ನನ್ನ ಅನುಭವ

ಮನೆಯಲ್ಲಿ ರಾತ್ರಿ ಸದ್ದು, ಗಾಳಿ ಸೋಕಿದೆ ಅನ್ನುವವರಿಗೆ ಬಳ್ಳಾರಿ ಸುತ್ತಮುತ್ತ ತಪಾಸಣೆ ಮಾಡಿ ವರದಿ ಕೊಡುತ್ತೇನೆ. ಒಂದು ತೊಂದರೆ ಬಿಡದೆ ಕಾಡುತ್ತಿತ್ತು. ವರದಿಯಲ್ಲಿ ಮೀಟರಿನ ಅಂಕಿ ಓದಿದವರು, "ಹಂಗಾದ್ರೆ ಏನೋ ಐತಿ ಅಲ್ವಾ ಸರ್?" ಎಂದು ಇನ್ನೂ ಜಾಸ್ತಿ ಹೆದರುತ್ತಿದ್ದರು.

ವರದಿಯ ಜೋಡಣೆ ಬದಲಿಸಿದ ಮೇಲೆ ಇದು ಸರಿಹೋಯಿತು. ಮನೆಯವರು ಹೇಳಿದ್ದು ಅವರದೇ ಮಾತಿನಲ್ಲಿ ಒಂದು ಕಡೆ. ನಾನು ಅಳೆದದ್ದು ಬೇರೆ ಪುಟದಲ್ಲಿ: ಯಾವ ಕೋಣೆ, ಎಷ್ಟು ಹೊತ್ತಿಗೆ, ಯಾವ ಸಾಧನ. ಪ್ರತಿ ಅಂಕಿಯ ಪಕ್ಕದಲ್ಲೇ ಅದಕ್ಕಿರಬಹುದಾದ ಸಾಮಾನ್ಯ ಕಾರಣ. ಇದೇ ಮುಖ್ಯ. ಕರೆಂಟು ಹರಿಯುವ ಮೇನ್ ಬೋರ್ಡ್, ಫ್ರಿಜ್ ಹತ್ತಿರ ಇಎಂಎಫ್ ಮೀಟರು (ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಸಾಧನ) ಏರುವುದು ಸಹಜ. ಹಗಲೆಲ್ಲ ಕಾದ ತಗಡಿನ ಶೀಟು ರಾತ್ರಿ ತಣಿದು ಕುಗ್ಗುವಾಗ ಟಕ್ ಟಕ್ ಅನ್ನುತ್ತದೆ. ನಮ್ಮ ಬಿಸಿಲಿಗೆ ಕೇಳಬೇಕೇ! ಇಂಗ್ಲೆಂಡಿನ ಇಂಜಿನಿಯರ್ ವಿಕ್ ಟ್ಯಾಂಡಿ, ತಮ್ಮ ಲ್ಯಾಬಿನಲ್ಲಿ ಕಂಡ 'ದೆವ್ವ'ಕ್ಕೆ ಫ್ಯಾನಿನಿಂದ ಹುಟ್ಟಿದ ಸುಮಾರು 19 ಹರ್ಟ್ಸ್ (ಸೆಕೆಂಡಿಗೆ 19 ಸಲ) ಕಂಪನ ಕಾರಣ ಎಂದು 1998ರಲ್ಲಿ ಬರೆದರು. ಕಿವಿಗೆ ಕೇಳದ ಸದ್ದು ಅದು.

ಕಾರಣ ಸಿಗದಿದ್ದರೆ "ಕಾರಣ ಗೊತ್ತಾಗಿಲ್ಲ" ಎಂದಷ್ಟೇ ಬರೆಯುತ್ತೇನೆ. ಸುಮ್ನೆ ಊಹೆ ಸೇರಿಸುವುದಿಲ್ಲ. ಕೊನೆಯಲ್ಲಿ ಮಾಡಿಸಬೇಕಾದ ಕೆಲಸ: ಅರ್ಥಿಂಗ್ ನೋಡಿಸಿ, ಶೀಟಿನ ಬೋಲ್ಟು ಬಿಗಿ ಮಾಡಿಸಿ. ಈಗ ವರದಿ ಓದಿದವರು ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾರೆ.