ಎಲೆಯಡಿಯ ಸೆಕೆ ನೋಡಿ ಮದ್ದು ಬಿಡುವುದು: ನನ್ನ ಅನುಭವ

ಬೇಸಗೆ ಜೋರಾದರೆ ಕೀಟವೂ ಜೋರು ಎಂಬ ಮಾತು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಸಾಮಾನ್ಯ. ಅದು ಅರ್ಧ ಮಾತ್ರ ನಿಜ. ನಮ್ಮದು ತಗ್ಗಿನ ಅಡಿಕೆ ತೋಟ, ನಡುನಡುವೆ ತೆಂಗು, ಮೇಲೆ ಗುಡ್ಡೆಯಲ್ಲಿ ಗೇರು, ಕೆಳಗೆ ಬೈಲಿನಲ್ಲಿ ಭತ್ತ ಕೊಯ್ದ ಮೇಲೆ ತರಕಾರಿ. ಮಾರ್ಚ್ ತಿಂಗಳ ಅದೇ ಸೆಕೆಗೆ ಅಡಿಕೆ ಸಸಿಯಲ್ಲಿ ನುಸಿ ಏರುತ್ತದೆ, ಗೇರಿನ ರಸ ಹೀರುವ ತಿಗಣೆ ಜಾತಿಯ ಟೀ ಸೊಳ್ಳೆ ಕಡಿಮೆಯಾಗುತ್ತದೆ, ಅಲಸಂಡೆಯ ಹೇನು ಸೊರಗುತ್ತದೆ, ತೆಂಗಿನ ಗರಿಯಡಿ ಬಿಳಿನೊಣ ತುಂಬುತ್ತದೆ. ಇದನ್ನು ಗಮನಿಸದೆ ಒಂದೇ ಡಬ್ಬಿಯ ಮದ್ದನ್ನು ಎಲ್ಲದಕ್ಕೂ ಬಿಟ್ಟರೆ ದುಡ್ಡೂ ಹೋಗುತ್ತದೆ, ತೋಟ ಕಾಯುವ ಜೀವಿಗಳೂ ಹೋಗುತ್ತವೆ. ಹಾಗಾಗಿ ನಾನು ಕೀಟ ನೋಡುವ ಮೊದಲು ಸೆಕೆ ಅಳೆಯುತ್ತೇನೆ.

ಅದಕ್ಕೆ ದೊಡ್ಡ ಸಲಕರಣೆ ಬೇಡ. ದಿನದ ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ತೋರಿಸುವ ಸಾದಾ ಉಷ್ಣಮಾಪಕ ಸಾಕು. ಒಂದನ್ನು ತೋಟದ ನಡುವೆ ನೆರಳಲ್ಲಿ ತೂಗಿಸಿದ್ದೇನೆ, ಇನ್ನೊಂದನ್ನು ನೈಋತ್ಯದ ಅಂಚಿನಲ್ಲಿ, ಅಡಿಕೆ ಮರದ ಕಾಂಡ ಮಧ್ಯಾಹ್ನದ ನಂತರದ ಬಿಸಿಲಿಗೆ ಸೀಯುವ ಜಾಗದಲ್ಲಿ. ಅದಕ್ಕೂ ನೇರ ಬಿಸಿಲು ತಾಗದಂತೆ ಅಡಿಕೆ ಹಾಳೆಯ ಮರೆ ಕಟ್ಟಿದ್ದೇನೆ. ಕರಾವಳಿಯಲ್ಲಿ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಲೆಕ್ಕ ಹಾಕುತ್ತದೆ. ಆದರೆ ಇಲಾಖೆಯ ಅಂಕಿ ತೋಟದೊಳಗಿನ ಅಂಕಿಯಲ್ಲ. ನನ್ನ ಎರಡು ಮಾಪಕಗಳ ನಡುವೆಯೇ ಮಧ್ಯಾಹ್ನ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಕಾಣುತ್ತದೆ. ನುಸಿಗೂ ಬಿಳಿನೊಣಕ್ಕೂ ಆ ಮೂರು ನಾಲ್ಕು ಡಿಗ್ರಿಯೇ ದೊಡ್ಡದು.

ಕೀಟಕ್ಕೆ ಮೈಯೊಳಗೆ ಶಾಖ ಹುಟ್ಟಿಸಿ ಕಾಪಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಸುತ್ತಲಿನ ಗಾಳಿ ಬೆಚ್ಚಗಾದಂತೆ ಅದರ ಹಸಿವು, ಬೆಳವಣಿಗೆ, ಮೊಟ್ಟೆಯಿಡುವ ವೇಗ ಎಲ್ಲವೂ ಏರುತ್ತವೆ. ಹೆಚ್ಚಿನ ಕೀಟಗಳಿಗೆ 25ರಿಂದ 30 ಡಿಗ್ರಿ ಹಿತ. 35ರ ಆಚೆಗೆ ಮೊಟ್ಟೆ ಕಡಿಮೆಯಾಗುತ್ತದೆ, ಮರಿ ಸಾಯತೊಡಗುತ್ತದೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಭೂಮಿಯ ಸರಾಸರಿ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಭತ್ತ, ಗೋಧಿ, ಮೆಕ್ಕೆಜೋಳಗಳಲ್ಲಿ ಕೀಟದಿಂದಾಗುವ ನಷ್ಟ ಶೇ. 10ರಿಂದ 25ರಷ್ಟು ಹೆಚ್ಚಬಹುದು. ಆದರೆ ಹೆಚ್ಚಿನ ಪೆಟ್ಟು ತಂಪು ದೇಶಗಳಿಗೆ. ನಮ್ಮಂಥ ಕಡೆ ಕೀಟಗಳು ಈಗಾಗಲೇ ತಮ್ಮ ಹಿತದ ಮಿತಿಯ ಹತ್ತಿರ ಬದುಕುತ್ತಿವೆ. ಹಾಗೆಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಹೆಚ್ಚಿನ ಸಲ ಸೆಕೆ ಮೊದಲು ಹೊಡೆಯುವುದು ಕೀಟವನ್ನಲ್ಲ, ಕೀಟದ ಶತ್ರುವನ್ನು. ಮೊಟ್ಟೆಯೊಳಗೂ ಹುಳದ ಮೈಯಲ್ಲೂ ಬೆಳೆಯುವ ಪರಾವಲಂಬಿ ಕಣಜಗಳು, ಕೀಟಕ್ಕೆ ರೋಗ ತರುವ ಶಿಲೀಂಧ್ರಗಳು ಕೀಟಕ್ಕಿಂತ ಬೇಗ ಸೋಲುತ್ತವೆ. ನನ್ನ ತೋಟದಲ್ಲಿ ನಾನು ಮಾಡುವ ಬಹುಪಾಲು ಕೆಲಸ ಈ ಒಂದು ಸಂಗತಿಯ ಸುತ್ತ ನಿಂತಿದೆ.

ಮೊದಲು ಅಡಿಕೆಯ ನುಸಿ. ಎಂಟು ಕಾಲಿನ ಇದು ಲೆಕ್ಕಕ್ಕೆ ಕೀಟವಲ್ಲ, ಜೇಡನ ಕಡೆಯದು. ಬಿಳಿ ನುಸಿ, ಕೆಂಪು ನುಸಿ ಎರಡೂ ಸೋಗೆಯ ಅಡಿಯಲ್ಲಿ ಕೂತು ರಸ ಹೀರುತ್ತವೆ. ಸೋಗೆ ಮೊದಲು ಮಂಕಾಗುತ್ತದೆ, ಆಮೇಲೆ ಹಳದಿ, ಕೊನೆಗೆ ಕಂಚಿನ ಬಣ್ಣ. ನೆರಳಿಲ್ಲದ ಎಳೆ ಸಸಿಗಳಿಗೆ ಇದರ ಕಾಟ ಎಲ್ಲಕ್ಕಿಂತ ಹೆಚ್ಚು. ನುಸಿಯ ವೇಗ ಗೊತ್ತಾಗಬೇಕಾದರೆ ಬೆಂಡೆಗೆ ಬರುವ ಎರಡು ಚುಕ್ಕೆಯ ಜೇಡನುಸಿಯ ಲೆಕ್ಕ ನೋಡಿ: 20 ಡಿಗ್ರಿಯಲ್ಲಿ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಎರಡು ವಾರಕ್ಕೂ ಮಿಕ್ಕಿ ಬೇಕು, 30 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದೇ ವಾರ. ರಾತ್ರಿಯ ಕನಿಷ್ಠ 25ರ ಕೆಳಗೆ ಇಳಿಯದ ದಿನಗಳಲ್ಲಿ ಅದಕ್ಕೆ ರಾತ್ರಿಯೂ ಬಿಡುವಿಲ್ಲ. ಆದ್ದರಿಂದ ನಾನು ಮಾಪಕದಲ್ಲಿ ಗರಿಷ್ಠಕ್ಕಿಂತ ಮೊದಲು ಕನಿಷ್ಠ ನೋಡುತ್ತೇನೆ. ಫೆಬ್ರವರಿ ಕೊನೆಗೆ ಬೆಳಗ್ಗೆ ಹೊದಿಕೆ ಬೇಡ ಎನಿಸತೊಡಗಿದಾಗಲೇ ಮಸೂರ ಹಿಡಿದು ಸೋಗೆ ಮಗುಚುವ ಕೆಲಸ ಶುರು.

ನೀರು ಸಾಲದ ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಬೆವರದ ಎಲೆ ಕಾಯುತ್ತದೆ, ಕಾದ ಎಲೆಯಡಿ ನುಸಿಗೆ ಇನ್ನೂ ಹಿತ. ಹಾಗಾಗಿ ನುಸಿಯ ಮೊದಲ ಮದ್ದು ನೀರೇ ಎಂದು ನಾನು ನಂಬುತ್ತೇನೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಮಾರ್ಚ್‌ನಲ್ಲಿ ತೆಳುವಾಗುತ್ತದೆ. ಡಿಸೆಂಬರ್‌ನಲ್ಲೇ ತೋಡಿಗೆ ಕಟ್ಟ, ಅಂದರೆ ಹಳ್ಳಕ್ಕೆ ಅಡ್ಡ ಒಡ್ಡು, ಹಾಕಿದ ವರ್ಷ ತೋಟದ ಬುಡದಲ್ಲಿ ತೇವ ಹೆಚ್ಚು ದಿನ ನಿಲ್ಲುವುದನ್ನು ನಾನು ಕಂಡಿದ್ದೇನೆ. ಬುಡಕ್ಕೆ ಸೊಪ್ಪು, ಸೋಗೆ ದಪ್ಪಕ್ಕೆ ಹಾಸುತ್ತೇನೆ. ಹನಿ ನೀರಾವರಿ ನೀರು ಉಳಿಸುತ್ತದೆ, ನನ್ನ ದೊಡ್ಡ ಮರಗಳಿಗೆ ಅದೇ. ಆದರೆ ಎಳೆ ಸಸಿಗಳ ಕಡೆ ಸ್ಪ್ರಿಂಕ್ಲರ್ ಉಳಿಸಿಕೊಂಡಿದ್ದೇನೆ. ಸೋಗೆಯ ಧೂಳು ತೊಳೆಯುತ್ತದೆ, ನುಸಿಯೂ ಉದುರುತ್ತದೆ. ಕೆಂಪು ಮಣ್ಣಿನ ರಸ್ತೆಯ ಬದಿಯ ಸಾಲಿಗೆ ಪ್ರತಿ ವರ್ಷ ನುಸಿ ಮೊದಲು ಬರುವುದು ಧೂಳಿನಿಂದಲೇ: ಧೂಳಿನಲ್ಲಿ ನುಸಿಯನ್ನು ತಿನ್ನುವ ಜೀವಿಗಳು ಓಡಾಡಲಾರವು. ಆ ಸಾಲಿಗೆ ನಾನು ಪೈಪು ಹಿಡಿದು ಸೋಗೆಯ ಅಡಿಗೇ ನೀರು ಬಿಡುತ್ತೇನೆ.

ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವನ್ನು ಬೇಸಗೆಯಲ್ಲಿ ಅಡಿಕೆಗೆ ಮುಟ್ಟಿಸಲೇಬೇಡಿ. ನುಸಿ ತಿನ್ನುವ ಸಣ್ಣ ಕಪ್ಪು ಗುಲಗಂಜಿ ಹುಳಗಳೂ ಬೇಟೆನುಸಿಗಳೂ ಸಾಯುತ್ತವೆ, ಉಳಿದ ನುಸಿ ಶತ್ರುವಿಲ್ಲದೆ ಮೊದಲಿಗಿಂತ ಹೆಚ್ಚಾಗುತ್ತದೆ. ನೀರಲ್ಲಿ ಬೆರೆಯುವ ಗಂಧಕ ನುಸಿಗೆ ಒಳ್ಳೆಯದೇ, ಆದರೆ ಉಷ್ಣತೆ 32 ದಾಟಿದ ಹೊತ್ತಿಗೆ ಬಿಟ್ಟರೆ ಎಲೆ ಸುಡುವ ಅಪಾಯ ಇದೆ. ಬೇವಿನೆಣ್ಣೆ ಸೋಪು ದ್ರಾವಣವೂ ಉರಿಬಿಸಿಲಲ್ಲಿ ಹಾಗೆಯೇ. ಬೇವಿನ ಸಾರ ಬಿಸಿಲಿಗೆ ಬೇಗ ಕೆಡುತ್ತದೆ ಕೂಡ. ಮಾಪಕ 30ರ ಕೆಳಗೆ ಇಳಿದ ಮೇಲೆ, ಅಂದರೆ ಸಂಜೆ, ನಮ್ಮಲ್ಲಿ ಮದ್ದು ಬಿಡುವ ಹೊತ್ತು.

ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡು ಕೇರಳಕ್ಕೂ ಹಬ್ಬಿತು. ಗರಿಯಡಿ ಬಿಳಿ ಮೇಣದ ಸುರುಳಿಗಳು, ಕೆಳಗಿನ ಗರಿ, ಬಾಳೆ, ಕಾಳುಮೆಣಸಿನ ಮೇಲೆಲ್ಲ ಅಂಟು, ಅಂಟಿನ ಮೇಲೆ ಕಪ್ಪು ಬೂಸ್ಟು. ನೋಡಿದರೆ ಎದೆ ಒಡೆಯುತ್ತದೆ, ಕೈ ಕೂಡಲೇ ಕೀಟನಾಶಕದ ಕಡೆ ಹೋಗುತ್ತದೆ. ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ ಸಿಪಿಸಿಆರ್‌ಐ, ಕೀಟನಾಶಕ ಬೇಡ ಎಂದೇ ಹೇಳುತ್ತ ಬಂದಿದೆ. ಕಾರಣ ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಹತ್ತದಷ್ಟು ಸಣ್ಣ ಕಣಜ. ಇದು ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ. ಅದು ತೋಟದಲ್ಲಿದೆಯೋ ಎಂದು ತಿಳಿಯುವ ಬಗೆ ಮಸೂರದಲ್ಲಿ ಸ್ಪಷ್ಟ: ಬಿಳಿನೊಣ ಹೊರಬಂದ ಕೋಶದಲ್ಲಿ ಇಂಗ್ಲಿಷಿನ ಟಿ ಅಕ್ಷರದಂಥ ಸೀಳು, ಕಣಜ ಹೊರಬಂದ ಕೋಶದಲ್ಲಿ ದುಂಡು ತೂತು. ದುಂಡು ತೂತು ಹೆಚ್ಚಿರುವ ಗರಿಯ ತುಂಡುಗಳನ್ನು ಕತ್ತರಿಸಿ, ಕಣಜ ಇಲ್ಲದ ಮರಗಳಿಗೆ ಕಟ್ಟುತ್ತೇನೆ. ಇಲ್ಲೂ ಹೊತ್ತು ಮುಖ್ಯ. ತುಂಡು ಒಣಗಿದರೆ ಒಳಗಿನ ಕಣಜವೂ ಒಣಗುತ್ತದೆ. ಬೆಳಗ್ಗೆ ಬೇಗ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಿಸಿಲೇರುವ ಮೊದಲೇ ಮರದ ನೆರಳಿನ ಬದಿಗೆ ಕಟ್ಟಿ ಮುಗಿಸಬೇಕು. ಕಪ್ಪು ಬೂಸ್ಟಿಗೆ ತೆಳು ಗಂಜಿ ತಿಳಿ ಸಿಂಪಡಿಸುತ್ತೇನೆ, ಒಣಗಿದಾಗ ಅದು ಬೂಸ್ಟನ್ನೂ ಸಿಪ್ಪೆಯಾಗಿ ಎಬ್ಬಿಸುತ್ತದೆ.

ತೆಂಗಿನ ಕಪ್ಪುತಲೆ ಹುಳವೂ ಬೇಸಗೆಯದೇ. ಅದಕ್ಕೆ ಬಿಡುವ ಗೋನಿಯೋಜಸ್ ಕಣಜಗಳನ್ನು ತರುವುದೂ ಬಿಡುವುದೂ ತಂಪು ಹೊತ್ತಿನಲ್ಲೇ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಗೊಬ್ಬರದ ಗುಂಡಿಯಲ್ಲಿ ಮೆಟಾರೈಜಿಯಮ್ ಹಸಿರು ಶಿಲೀಂಧ್ರ ಹಾಕುವವರು ಗುಂಡಿಗೆ ನೆರಳು ಮಾಡಿ, ಒದ್ದೆಯಾಗಿಡಿ. ಒಣಗಿ ಕಾದ ಗೊಬ್ಬರದಲ್ಲಿ ಆ ಶಿಲೀಂಧ್ರ ಏಳುವುದಿಲ್ಲ.

ಗೇರಿನ ಟೀ ಸೊಳ್ಳೆಯ ಕಥೆ ಬೇರೆ. ಹೊಸ ಚಿಗುರು, ಹೂ ಬರುವ ನವೆಂಬರ್‌ನಿಂದ ಫೆಬ್ರವರಿವರೆಗೆ, ತಂಪು ರಾತ್ರಿಗಳಲ್ಲಿ ಇದರ ಆಟ. ಸೆಕೆ ಏರಿ ಗಾಳಿ ಒಣಗಿದಂತೆ ತಾನಾಗಿ ಕಡಿಮೆಯಾಗುತ್ತದೆ. ಈ ಕೀಟದ ಹೆಸರಲ್ಲೇ ನಮ್ಮ ಎಣ್ಮಕಜೆ ಸುತ್ತಿನ ಗುಡ್ಡಗಳ ಗೇರು ತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು, ದನ, ಜೇನು, ತೋಡಿನ ನೀರು ಯಾವುದೂ ಅದರಿಂದ ಪಾರಾಗಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಈ ನೆಲದಲ್ಲಿ ಕೃಷಿ ಮಾಡುವವರು ಮದ್ದಿನ ಡಬ್ಬಿ ಎತ್ತುವ ಮೊದಲು ಇದನ್ನು ನೆನೆಯಲೇಬೇಕು. ನನ್ನ ಗೇರು ಮರಗಳಲ್ಲಿ ಕೆಂಪು ಚಗಳಿ ಇರುವೆಗಳಿವೆ. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಅವಕ್ಕೆ ದಾರಿ ಮಾಡಿಕೊಟ್ಟಿದ್ದೇನೆ. ಸುಡುವ ಮಧ್ಯಾಹ್ನದಲ್ಲಿ ಚಗಳಿಯೂ ಓಡಾಟ ಕಡಿಮೆ ಮಾಡುತ್ತದೆ, ಆದರೆ ಟೀ ಸೊಳ್ಳೆ ಹೊರಡುವ ಬೆಳಗ್ಗೆ, ಸಂಜೆ ಅವು ಮರದ ಮೇಲೇ ಇರುತ್ತವೆ. ಕೊಯ್ಲಿಗೆ ಕಷ್ಟ, ಕಚ್ಚುತ್ತವೆ, ನಿಜ. ಆ ಕಷ್ಟವನ್ನು ನಾನು ಒಪ್ಪಿಕೊಂಡಿದ್ದೇನೆ.

ಬೈಲಿನ ತರಕಾರಿಯಲ್ಲಿ ಅಲಸಂಡೆಯ ಕಪ್ಪು ಹೇನಿಗೆ ಡಿಸೆಂಬರ್, ಜನವರಿ ಹಬ್ಬದ ಕಾಲ, ಮಾರ್ಚ್ ಬಿಸಿಲಿಗೆ ಅದೂ ಸೊರಗುತ್ತದೆ. ಮಾರ್ಚ್‌ನಲ್ಲಿ ಹೇನಿಗೆಂದು ಮದ್ದು ಬಿಡುವವರು ಬೆಂಡೆಯ ನುಸಿಯನ್ನು ಸಾಕುತ್ತಾರೆ. ಸೌತೆ, ಹೀರೆಯ ಹಣ್ಣುನೊಣದ ವಿಷಯದಲ್ಲಿ ಮಾತ್ರ ಸೆಕೆಯನ್ನು ನಾನೇ ಕೆಲಸಕ್ಕೆ ಹಚ್ಚುತ್ತೇನೆ. ಇದರ ಹುಳ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಬೆಳೆ ಮುಗಿದ ಸಾಲನ್ನು ಕೂಡಲೇ ಕೆತ್ತಿ, ಮಣ್ಣು ಮಗುಚಿ, ಬಿಸಿಲಿಗೆ ಬಿಡುತ್ತೇನೆ. ತೆರೆದ ಮಣ್ಣಿನ ಮೇಲ್ಪದರ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾಯುವುದರಿಂದ ಮೇಲೆ ಬಂದ ಕೋಶಗಳು ಒಣಗುತ್ತವೆ, ಉಳಿದದ್ದು ಹಕ್ಕಿಗೆ.

ಅಡಿಕೆಯ ಬೇರು ತಿನ್ನುವ ಬೇರುಹುಳಕ್ಕೆ ಸೆಕೆಗಿಂತ ಮಳೆಯೇ ಯಜಮಾನ. ಮಣ್ಣು ಒಣಗಿ ಕಾದಾಗ ಹುಳ ಆಳಕ್ಕೆ ಇಳಿಯುತ್ತದೆ, ಆಗ ಬುಡಕ್ಕೆ ಏನು ಸುರಿದರೂ ಮುಟ್ಟುವುದಿಲ್ಲ. ಮೇ ಕೊನೆ, ಜೂನ್ ಮೊದಲಿಗೆ ಮಳೆ ಬಿದ್ದ ಮೇಲೆ ಈ ಹುಳವೇ ಬೆಳೆದು ಆಗುವ ಪ್ರಾಯದ ದುಂಬಿಗಳು ಮುಸ್ಸಂಜೆ ಮಣ್ಣಿನಿಂದ ಏಳುತ್ತವೆ, ಕೆಲವು ವಾರ ಮಾತ್ರ. ಮಳೆ ತಡವಾದರೆ ಅವೂ ತಡ, ಆದ್ದರಿಂದ ಕ್ಯಾಲೆಂಡರ್ ನಂಬದೆ ಮೊದಲ ಒಳ್ಳೆಯ ಮಳೆಯಿಂದ ಲೆಕ್ಕ ಹಿಡಿಯುತ್ತೇನೆ. ಆ ವಾರಗಳಲ್ಲಿ ಮನೆಯವರೆಲ್ಲ ಸಂಜೆ ಬಕೆಟ್ ಹಿಡಿದು ತೋಟಕ್ಕೆ ಇಳಿಯುತ್ತೇವೆ, ಹೆಕ್ಕಿದ ದುಂಬಿ ಸೋಪುನೀರಿಗೆ. ಬೇರುಹುಳವನ್ನು ಕೊಲ್ಲುವ ಜಂತುಹುಳಗಳ ದ್ರಾವಣವನ್ನು, ಸ್ಟೈನರ್ನೀಮಾ ಎಂದು ಅದರ ಹೆಸರು, ಮಳೆ ನಿಂತು ನೆಲ ಹದವಾಗಿರುವಾಗ ಮರಿಹುಳಗಳ ಮೇಲೆ ಬಿಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ, ಮತ್ತೆ ಮಣ್ಣು ಒಣಗುವ ಮೊದಲು.