ಬೆಲೆ ತಾನಾಗಿ ಏರಲಿ, ಆದರೆ ಅಸಲಿನ ಮೇಲೆ ಏರಲಿ

ಬಾಗಲಕೋಟೆಯ ನವನಗರದ ಸೀರೆ ವ್ಯಾಪಾರಿಯೊಬ್ಬರು ಒಂದು ಸಂಜೆ ಫೋನ್ ಮಾಡಿದರು. ‘ಸರ್ರ, ನಮ್ ವೆಬ್‌ಸೈಟ್‌ನ್ಯಾಗ ಸೀರಿ ರೇಟ್ ತಾನ ಏರಾಕತ್ತೈತಿ. ಯಾರರ ಹ್ಯಾಕ್ ಮಾಡ್ಯಾರೇನ್ರಿ?’

ಯಾರೂ ಹ್ಯಾಕ್ ಮಾಡಿರಲಿಲ್ಲ. 1000 ರೂಪಾಯಿ ಅಸಲಿನ ಇಳಕಲ್ ಸೀರೆಗೆ ಮೊದಲು 30 ಪರ್ಸೆಂಟ್ ಏರಿಸಿ 1300 ಮಾಡಿದ್ದರು. ಹೊಸ ಮಾಲು ಬಂದಾಗ ಅಂಗಡಿಯ ಹುಡುಗ ಹಳೆಯದು ಹೊಸದು ಎನ್ನದೆ ಎಲ್ಲವನ್ನೂ ಆರಿಸಿ ಮತ್ತೆ 30 ಪರ್ಸೆಂಟ್ ಒತ್ತಿದ, 1690 ಆಯಿತು. ಹಬ್ಬದ ಮುಂದೆ ಇನ್ನೊಮ್ಮೆ; 2197. ಅಷ್ಟು ಕೊಟ್ಟು ಯಾರು ಕೊಳ್ಳುತ್ತಾರೆ? ಬಸ್ ಹತ್ತಿ ಇಳಕಲ್‌ಗೇ ಹೋಗಿ ತರುತ್ತಾರೆ.

ಈ ಭಾಗದ ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದು ನನ್ನ ಕೆಲಸ. ಇದೇ ತಪ್ಪನ್ನು ಕುಪ್ಪಸದ ಖಣದ ಅಂಗಡಿಯಲ್ಲೂ ಕಂಡಿದ್ದೇನೆ, ಕರದಂಟಿನ ಅಂಗಡಿಯಲ್ಲೂ ಕಂಡಿದ್ದೇನೆ. ಅದಕ್ಕೇ, ವೆಬ್‌ಸೈಟ್‌ನ ಬೆಲೆ ಅಸಲಿನಿಂದಲೇ ತಾನಾಗಿ ಲೆಕ್ಕವಾಗುವಂತೆ ಮಾಡುವುದು ಹೇಗೆಂದು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಅಸಲಿಗೆ ಒಂದು ಕಾಲಂ

ಗೂಗಲ್ ಶೀಟ್ ಇಲ್ಲವೇ ಎಕ್ಸೆಲ್‌ನಲ್ಲಿ ಪ್ರತಿ ಮಾಲಿಗೂ ಒಂದು ಸಾಲು. ಮಾಲಿನ ಕೋಡ್, ಹೆಸರು, ಅಸಲು, ಅಸಲು ಬರೆದ ತಾರೀಖು. ನೇಕಾರರಿಗೆ ಕೊಟ್ಟ ದುಡ್ಡಷ್ಟೇ ಅಸಲಲ್ಲ. ತಂದ ಬಾಡಿಗೆ, ಡಬ್ಬಿ, ಕವರು ಎಲ್ಲ ಅದರೊಳಗೆ ಬರಬೇಕು. ಜಿಎಸ್‌ಟಿ ಇನ್‌ಪುಟ್, ಅಂದರೆ ಮಾಲು ತರುವಾಗ ಕಟ್ಟಿದ ತೆರಿಗೆ, ವಾಪಸ್ ಪಡೆಯುವವರು ತೆರಿಗೆ ಬಿಟ್ಟು ಬರೆಯಿರಿ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಲ್ಲಿ) ಇರುವವರಿಗೆ ಕಟ್ಟಿದ ತೆರಿಗೆ ತಿರುಗಿ ಬರುವುದಿಲ್ಲ, ಅವರು ಸೇರಿಸಿಯೇ ಬರೆಯಬೇಕು.

ಕೋಡ್‌ ಬಗ್ಗೆ ಒಂದು ಮಾತು. ಬರೀ ಅಂಕಿಯ ಕೋಡ್ ಇಡಬೇಡಿ. 0047 ಎಂದು ಬರೆದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 47 ಮಾಡುತ್ತದೆ, ಆಮೇಲೆ ಅಂಗಡಿಯ ಮಾಲಿಗೂ ಶೀಟಿನ ಸಾಲಿಗೂ ತಾಳೆಯಾಗುವುದಿಲ್ಲ. ಮುಂದೆ ಒಂದೆರಡು ಅಕ್ಷರ ಸೇರಿಸಿದರೆ ಈ ಕಾಟವೇ ಇಲ್ಲ.

ಹೆಜ್ಜೆ 2: 30 ಪರ್ಸೆಂಟ್ ಎಂದರೆ ಎಷ್ಟು?

ಅಸಲಿನ ಮೇಲೆ 30 ಏರಿಸುವುದು ಬೇರೆ, ಮಾರಿದ ಬೆಲೆಯಲ್ಲಿ 30 ಉಳಿಸಿಕೊಳ್ಳುವುದು ಬೇರೆ. ಮೊದಲನೆಯದು ಮಾರ್ಕಪ್, ಎರಡನೆಯದು ಮಾರ್ಜಿನ್. 1000ದ್ದು 1300 ಆದಾಗ ಉಳಿಯುವ 300 ಮಾರಿದ ಬೆಲೆಯ 23 ಪರ್ಸೆಂಟ್ ಮಾತ್ರ. ನೂರಕ್ಕೆ 30 ಉಳಿಯಲೇಬೇಕು ಎನ್ನುವವರು ಅಸಲನ್ನು 0.7ರಿಂದ ಭಾಗಿಸಿ, 1429 ಬರುತ್ತದೆ. ‘ಮೂವತ್ತು ಪರ್ಸೆಂಟ್ ಸಿಗತೈತಿ’ ಎಂದುಕೊಂಡು ದೀಪಾವಳಿಗೆ 25 ಪರ್ಸೆಂಟ್ ಡಿಸ್ಕೌಂಟ್ ಹಾಕಿದವರ ಲೆಕ್ಕ ನೋಡಿ: 1300ರಲ್ಲಿ 325 ಹೋದರೆ 975. ಸೀರೆಗೆ 25 ರೂಪಾಯಿ ಲುಕ್ಸಾನು. ಅದರ ಮೇಲೆ ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ನೂರಕ್ಕೆ ಸುಮಾರು 2 ರೂಪಾಯಿ ಹಿಡಿಯುತ್ತದೆ, ಆ 2 ರೂಪಾಯಿಗೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ.

ಹೆಜ್ಜೆ 3: ಸ್ಲ್ಯಾಬ್ ಮಾಡುವಾಗ ಎಡವುವ ಜಾಗ

ಎಲ್ಲದಕ್ಕೂ ಒಂದೇ ಪರ್ಸೆಂಟ್ ನಡೆಯುವುದಿಲ್ಲ. 80 ರೂಪಾಯಿ ಅಸಲಿನ ಗುಳೇದಗುಡ್ಡ ಖಣಕ್ಕೆ 30 ಪರ್ಸೆಂಟ್ ಎಂದರೆ 24 ರೂಪಾಯಿ. ಆರ್ಡರ್ ನೋಡಿ, ಮಡಚಿ, ವಿಳಾಸ ಅಂಟಿಸುವ ಹುಡುಗನ ಚಹಾಕ್ಕೂ ಸಾಲದು. 8000ದ ಪಕ್ಕಾ ರೇಷ್ಮೆ ಸೀರೆಗೆ ಅದೇ 30 ಹಾಕಿದರೆ 2400 ಏರಿ, ಗಿರಾಕಿ ಪುಟ ಮುಚ್ಚಿ ಹೋಗುತ್ತಾರೆ. ಹಾಗಾಗಿ ಅಗ್ಗದ ಮಾಲಿಗೆ ಹೆಚ್ಚು ಪರ್ಸೆಂಟ್, ತುಟ್ಟಿ ಮಾಲಿಗೆ ಕಡಿಮೆ ಎಂದು ಸ್ಲ್ಯಾಬ್ ಮಾಡುತ್ತಾರೆ. ಇಲ್ಲಿಯವರೆಗೆ ಸರಿ.

ತಪ್ಪುವುದು ಸ್ಲ್ಯಾಬಿನ ಅಂಚಿನಲ್ಲಿ. 1000ದ ಒಳಗೆ 50 ಪರ್ಸೆಂಟ್, 1000 ದಾಟಿದರೆ 30 ಎಂದಿಟ್ಟುಕೊಳ್ಳಿ. 999 ಅಸಲಿನ ಸೀರೆ 1498ಕ್ಕೆ ಹೋಯಿತು. 1001 ಅಸಲಿನದು 1301ಕ್ಕೆ ನಿಂತಿತು. ಎರಡು ರೂಪಾಯಿ ಹೆಚ್ಚು ಕೊಟ್ಟು ತಂದ ಸೀರೆ ಸುಮಾರು ಇನ್ನೂರು ರೂಪಾಯಿ ಅಗ್ಗ! ಟೋಪ್ ತೆನಿ ಸೆರಗಿನ ಒಳ್ಳೆಯ ಸೀರೆ, ಸಾದಾ ಸೆರಗಿನದಕ್ಕಿಂತ ಕಡಿಮೆ ಬೆಲೆಗೆ ಪಕ್ಕದಲ್ಲೇ ಕುಳಿತಿರುತ್ತದೆ. ಗಿರಾಕಿಗಳಿಗೆ ಇದು ನಿಮಗಿಂತ ಮೊದಲು ಕಾಣುತ್ತದೆ.

ದಾರಿ ಎರಡಿವೆ. ಒಂದು, ಆದಾಯ ತೆರಿಗೆಯ ಲೆಕ್ಕದಂತೆ ಮೊದಲ 1000ಕ್ಕೆ 50 ಪರ್ಸೆಂಟ್, ಅದರ ಮೇಲಿನ ಮೊತ್ತಕ್ಕೆ ಮಾತ್ರ 30. ಆಗ 1000ದ್ದು 1500, 1001ರದ್ದು 1501 ರೂಪಾಯಿ 30 ಪೈಸೆ. ಅಂಚು ಮಾಯವಾಗುತ್ತದೆ. ಇನ್ನೊಂದು, ಸ್ಲ್ಯಾಬನ್ನೇ ಬಿಟ್ಟು ಪ್ರತಿ ಮಾಲಿಗೂ ಒಂದು ನಿಗದಿ ಮೊತ್ತ ಮತ್ತು ಒಂದು ಪರ್ಸೆಂಟ್. ಅಸಲನ್ನು 1.25ರಿಂದ ಗುಣಿಸಿ 60 ಕೂಡಿಸಿ: ಖಣ 160, ಸಾವಿರದ ಸೀರೆ 1310, ರೇಷ್ಮೆ ಸೀರೆ 10,060. ನನ್ನ ಕೈಯಲ್ಲಿದ್ದರೆ ಎರಡನೆಯದೇ. ಅಂಗಡಿಯವರಿಗೂ ಬಾಯಿಲೆಕ್ಕ ಬರುತ್ತದೆ, ಹುಡುಗ ಕೆಲಸ ಬಿಟ್ಟು ಹೋದರೂ ಮುಂದೆ ಬಂದವನಿಗೆ ತಿಳಿಯುತ್ತದೆ. ಏಳೆಂಟು ಸ್ಲ್ಯಾಬ್ ಹಾಕಿ ಕೂತವರು ಆರು ತಿಂಗಳಿಗೆ ತಮ್ಮ ಲೆಕ್ಕ ತಾವೇ ಮರೆತದ್ದನ್ನು ನೋಡಿದ್ದೇನೆ.

ಸ್ಲ್ಯಾಬೇ ಬೇಕು ಎನ್ನುವವರು ಪ್ರತಿ ಅಂಚಿನಲ್ಲೂ ಒಂದು ರೂಪಾಯಿ ಕೆಳಗೆ, ಅಂಚಿನ ಮೇಲೆ, ಒಂದು ರೂಪಾಯಿ ಮೇಲೆ ಮೂರು ಸುಳ್ಳು ಅಸಲು ಬರೆದು ನೋಡಿ. ಮುಂದಿನದು ಹಿಂದಿನದಕ್ಕಿಂತ ಕಡಿಮೆಯಾದರೆ ಸೂತ್ರ ತಪ್ಪಿದೆ.

ಹೆಜ್ಜೆ 4: ತೆರಿಗೆ, ಆಮೇಲೆ ರೌಂಡ್

ಇದೇ ಕ್ರಮ, ತಿರುವುಮುರುವು ಬೇಡ. ಸೀರೆಗೆ 5 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 1310 ಹೋಗಿ 1375 ರೂಪಾಯಿ 50 ಪೈಸೆ. ಮೇಲಿನ ಹತ್ತಕ್ಕೆ ಏರಿಸಿ 1380. ಕೆಲವರು 1379 ಮಾಡುತ್ತಾರೆ, ನನಗೆ ಹಿಡಿಸುವುದಿಲ್ಲ. ವೆಬ್‌ಸೈಟ್ ಅಂಗಡಿಯ ಸೆಟ್ಟಿಂಗ್‌ನಲ್ಲಿ ‘ಬೆಲೆಯಲ್ಲಿ ತೆರಿಗೆ ಸೇರಿದೆ’ ಎಂಬುದನ್ನೇ ಆರಿಸಿ. ಇಲ್ಲದಿದ್ದರೆ ಬಿಲ್ಲಿನಲ್ಲಿ ತೆರಿಗೆ ಎರಡು ಸಲ ಬೀಳುತ್ತದೆ.

ಹೆಜ್ಜೆ 5: ನೆಲ ಮತ್ತು ಸೂರು

ಶೀಟಿನಲ್ಲಿ ಅಸಲಿನ ಮನೆ (ಸೆಲ್) ಖಾಲಿ ಇದ್ದರೆ ಶೀಟು ಅದನ್ನು ಸೊನ್ನೆ ಎಂದು ತಿಳಿಯುತ್ತದೆ. ನಮ್ಮ ಸೂತ್ರದಲ್ಲಿ ಸೊನ್ನೆಗೆ 60 ಕೂಡಿ, ತೆರಿಗೆ ಸೇರಿ, ರೌಂಡ್ ಆಗಿ 70 ರೂಪಾಯಿಗೆ ರೇಷ್ಮೆ ಸೀರೆ ಅಂಗಡಿಯಲ್ಲಿ ನಿಲ್ಲುತ್ತದೆ. ಆರ್ಡರ್ ಬರಲು ಹತ್ತು ನಿಮಿಷ ಸಾಕು. ಅಸಲು ಖಾಲಿ ಇದ್ದರೆ ಬೆಲೆಯೂ ಖಾಲಿ ಇರಲಿ ಎಂದು ಸೂತ್ರದಲ್ಲೇ ಹೇಳಿ.

ಮೇಲ್ಮಿತಿಯೂ ಬೇಕು. 2011ರಲ್ಲಿ ಅಮೆಜಾನ್‌ನಲ್ಲಿ ನೊಣದ ಬಗೆಗಿನ ಒಂದು ವಿಜ್ಞಾನ ಪುಸ್ತಕದ ಬೆಲೆ 2.3 ಕೋಟಿ ಡಾಲರ್ ದಾಟಿತ್ತು. ಒಬ್ಬ ಮಾರಾಟಗಾರನ ಪ್ರೋಗ್ರಾಂ ಎದುರಾಳಿಯ ಬೆಲೆಯ 1.27 ಪಟ್ಟು ಇಡುತ್ತಿತ್ತು. ಎದುರಾಳಿಯದು ಇವನ ಬೆಲೆಯ 0.998 ಪಟ್ಟು. ಒಬ್ಬರನ್ನೊಬ್ಬರು ನೋಡಿ ಏರುತ್ತಲೇ ಹೋದರು, ಅಸಲನ್ನು ನೋಡಿದವರು ಯಾರೂ ಇಲ್ಲ. ನವನಗರದ ಸೀರೆಗೆ ಬಡಿದದ್ದೂ ಇದೇ ರೋಗ.

ಅಮೀನಗಡದ ಕರದಂಟು, ಚಟ್ನಿಪುಡಿಯಂಥ ಡಬ್ಬಿ ಮಾಲಿಗೆ ಮೇಲ್ಮಿತಿ ನೀವು ಇಡುವುದಲ್ಲ, ಡಬ್ಬಿಯ ಮೇಲೇ ಅಚ್ಚಾಗಿದೆ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಎಂಆರ್‌ಪಿ ಮೀರಿ ಮಾರುವಂತಿಲ್ಲ, ಎಂಆರ್‌ಪಿಯೊಳಗೆ ಎಲ್ಲ ತೆರಿಗೆಯೂ ಬಂತು. ನಿಮ್ಮ ಸೂತ್ರಕ್ಕೆ ಇದೇನೂ ಗೊತ್ತಿಲ್ಲ. ಎಂಆರ್‌ಪಿಗೆ ಒಂದು ಕಾಲಂ ಇಟ್ಟು, ಸೂತ್ರದ ಬೆಲೆ ಮತ್ತು ಎಂಆರ್‌ಪಿ ಇವೆರಡರಲ್ಲಿ ಚಿಕ್ಕದು ಯಾವುದೋ ಅದನ್ನೇ ತೆಗೆದುಕೊಳ್ಳಿ.

ಹೆಜ್ಜೆ 6: ವೆಬ್‌ಸೈಟ್ ಅಂಗಡಿಗೆ ಏರಿಸುವುದು (ಅಪ್‌ಲೋಡ್)

ವೂಕಾಮರ್ಸ್ ಎಂಬ ಆನ್‌ಲೈನ್ ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಮಾಲುಗಳನ್ನು ಒಟ್ಟಿಗೆ ಆರಿಸಿ ‘ಈಗಿರುವ ಬೆಲೆಯನ್ನು ಇಷ್ಟು ಪರ್ಸೆಂಟ್ ಏರಿಸು’ ಎನ್ನುವ ಸೌಲಭ್ಯವಿದೆ. ನವನಗರದ ಹುಡುಗ ಒತ್ತಿದ್ದು ಅದನ್ನೇ. ಅದನ್ನು ಮರೆತುಬಿಡಿ. ಅಂಥದೇ ಇನ್ನೊಂದಾದ ಶಾಪಿಫೈನಲ್ಲಿ ಅಸಲು ಬರೆಯಲು ಜಾಗವಿದೆ, ಆದರೆ ಅದು ಮಾರ್ಜಿನ್ ತೋರಿಸುತ್ತದೆಯೇ ಹೊರತು ಬೆಲೆ ತಾನಾಗಿ ಬದಲಿಸುವುದಿಲ್ಲ.

ಬೆಲೆ ತಾನಾಗಿ ಬದಲಿಸುವ ಪ್ಲಗಿನ್ (ವೆಬ್‌ಸೈಟ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಲೆಕ್ಕ ಹಾಕುವುದು ಅಸಲಿನಿಂದಲೋ, ಈಗಿನ ಬೆಲೆಯಿಂದಲೋ? ನೇರ ಉತ್ತರ ಬಾರದಿದ್ದರೆ ದುಡ್ಡು ಕೊಡಬೇಡಿ. ಇನ್ನೂರು ಮುನ್ನೂರು ಮಾಲಿನ ಅಂಗಡಿಗೆ ಪ್ಲಗಿನ್ ಬೇಕಾಗಿಯೂ ಇಲ್ಲ. ಶೀಟನ್ನು ಸಿಎಸ್‌ವಿ (ಬರೀ ಅಕ್ಷರ ಅಂಕಿಗಳ ಸರಳ ಪಟ್ಟಿಯ ಫೈಲ್) ಮಾಡಿ ಏರಿಸಿದರೆ ಸಾಕು. ಏರಿಸುವ ಮೊದಲು ಹಳೆಯ ಪಟ್ಟಿಯನ್ನು ಇಳಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ‘ಇರುವ ಮಾಲುಗಳನ್ನು ಅಪ್‌ಡೇಟ್ ಮಾಡು’ ಎಂಬಲ್ಲಿ ಗುರುತು ಹಾಕಿ. ಕಳೆದ ಹಬ್ಬದ ಆಫರ್ ಬೆಲೆ ಇನ್ನೂ ಕೂತಿದ್ದರೆ ಅಳಿಸಿ, ಇಲ್ಲದಿದ್ದರೆ ಮೂಲ ಬೆಲೆ ಏರಿದರೂ ಗಿರಾಕಿಗೆ ಸಿಗುವುದು ಹಳೆಯ ಆಫರ್ ಬೆಲೆಯೇ.

ಮೊದಲು ಐದೇ ಮಾಲು ಏರಿಸಿ: ಒಂದು ಖಣ, ಒಂದು ಕಾಟನ್ ಸೀರೆ, ಒಂದು ರೇಷ್ಮೆ, ಒಂದು ಎಂಆರ್‌ಪಿ ಡಬ್ಬಿ, ಅಸಲು ಬರೆಯದ ಒಂದು ಸಾಲು. ಮೊಬೈಲ್‌ನಲ್ಲಿ ಗಿರಾಕಿಯಂತೆ ಹೋಗಿ ನೋಡಿ. ಬೆಲೆ ಸರಿ ಕಂಡರೆ ಏನನ್ನೂ ತಿದ್ದದೆ ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿ. ಎರಡನೆಯ ಸಲ ಒಂದು ರೂಪಾಯಿಯೂ ಅಲುಗಾಡಬಾರದು. ಅಲುಗಾಡಿದರೆ ಲೆಕ್ಕ ಅಸಲಿನಿಂದ ನಡೆಯುತ್ತಿಲ್ಲ, ಉಳಿದ ಮಾಲು ಏರಿಸಬೇಡಿ.